ದಂಡಿನ ತಾತನ ಎಲೆ

ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿ ಮನೆಯಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವಾಗ ನಡುಮನೆಯ ಗೋಡೆಯುದ್ದಕ್ಕೂ ಬಾಳೆ ಎಲೆಗಳ ಸಾಲು ಬೀಳುತ್ತದೆ. ತೀರಿಹೋದವರಲ್ಲಿ ಯಾರಿಗೆ ಏನು ಇಷ್ಟವೋ ಅದು ಅವರವರ ಎಲೆಗೆ. ಮೈಸೂರು ಮೈನ್ಸ್ ಚಿನ್ನದ ಗಣಿಯಲ್ಲಿ ಜೀವ ಸವೆಸಿದ ನಮ್ಮ ಮಾವನವರಿಗೆ ಮುದ್ದೆ, ಮಟನ್ ಸಾರು, ಪಕ್ಕದಲ್ಲಿ ಗಾಜಿನ ಲೋಟದ ತುಂಬ ಟೀ, ಒಂದು ಕಟ್ಟು ಬೀಡಿ. ಅವರಪ್ಪನಿಗೆ ಇದೆಲ್ಲದರ ಜೊತೆಗೆ ಒಂದು ಕ್ವಾರ್ಟರ್ ಬಾಟಲಿ. ಅದನ್ನು ತರುವುದು ಮಾತ್ರ ನನ್ನಿಂದಾಗದ ಕೆಲಸ. ರಾಬರ್ಟ್‌ಸನ್‌ಪೇಟೆಯ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಚರಿತ್ರೆ ಪಾಠ ಮಾಡಿದವಳು ನಾನು. ವೈನ್ ಶಾಪಿನ ಮುಂದೆ ನಿಂತರೆ ಕೌಂಟರಿನ ಆ ಕಡೆ ಇರುವವನೂ ನನ್ನ ಶಿಷ್ಯನೇ ಆಗಿರುತ್ತಾನೆ. ಹಾಗಾಗಿ ಯಜಮಾನರು ಹೋಗುತ್ತಾರೆ.

ಸಾಲಿನ ಮೊದಲ ಎಲೆ ದಂಡಿನ ತಾತನದು. ಆ ಎಲೆಗೆ ಮುದ್ದೆಯಿಲ್ಲ, ಸಾರಿಲ್ಲ, ಅವತ್ತು ಒಲೆಯ ಮೇಲೆ ಬೆಂದದ್ದು ಯಾವುದೂ ಬೀಳಕೂಡದು. ಒಂದು ಹಿಡಿ ರಾಗಿ ಹುರಿಹಿಟ್ಟು, ಒಂದು ತುಂಡು ಬೆಲ್ಲ, ಮುಂದೆ ಒಂದು ಚೊಂಬು ನೀರು. ಉಪ್ಪಿನ ಹರಳೂ ಇಲ್ಲ. ಈ ತಾತ ನಮ್ಮ ಯಜಮಾನರ ಮುತ್ತಾತನ ಅಪ್ಪನೋ ತಾತನೋ, ಸರಿಯಾಗಿ ಹೇಳುವವರಿಲ್ಲ. ಕಂಪನಿ ಸರ್ಕಾರದ ಕಾಲದಲ್ಲಿ ಮದ್ರಾಸಿನ ಪಲ್ಟನ್ನಿಗೆ ಸೇರಿ, ಹಡಗು ಹತ್ತಿ ಯುದ್ಧಕ್ಕೆ ಹೋದವನು ಎನ್ನುವುದಷ್ಟೇ ಗೊತ್ತು. ಬರ್ಮಾ ಎನ್ನುವವರಿದ್ದಾರೆ, ಚೀನಾ ಎನ್ನುವವರಿದ್ದಾರೆ. ಮದುವೆಯಾಗಿ ಬಂದ ಹೊಸದರಲ್ಲಿ, ಯಾಕೆ ಹೀಗೆ ಎಂದು ಅತ್ತೆಯವರನ್ನು ಕೇಳಿದ್ದೆ. ಮುಂಚಿನಿಂದ ಹಾಗೇ ಎಂದಿದ್ದರು.

ಅತ್ತೆಯವರಿಗೆ ಎಂಬತ್ತು ದಾಟಿದ ಮೇಲೆ ಕಿಡ್ನಿ ಸೋತಿತು. ಹಳ್ಳಿಯಿಂದ ಅವರನ್ನು ಉರಿಗಾಂನ ನಮ್ಮ ಮನೆಗೆ ಕರೆದುಕೊಂಡು ಬಂದೆವು. ಡಾಕ್ಟರು ಉಪ್ಪು ಕಟ್ ಮಾಡಿ, ನೀರು ಅಳೆದು ಕೊಡಿ ಎಂದರು. ಜೀವಮಾನವಿಡೀ ಮುದ್ದೆ ನುಂಗಿ, ಖಾರದ ಬಸ್ಸಾರು ಉಂಡ ಹೆಂಗಸಿಗೆ ಉಪ್ಪಿಲ್ಲದ ಗಂಜಿ! ಬಟ್ಟಲು ಹಿಡಿದು ಕೂತರೆ ಅದನ್ನು ಬೈಯುವುದರಲ್ಲೇ ಅರ್ಧ ಗಂಟೆ ಹೋಗುತ್ತಿತ್ತು. ಅಂಥ ಒಂದು ಮಧ್ಯಾಹ್ನ ಬಟ್ಟಲು ಕೆಳಗಿಟ್ಟು ನನ್ನನ್ನು ಕರೆದರು. ನನ್ನನ್ನು ಅವರು ಕರೆಯುತ್ತಿದ್ದುದೇ ಮೇಷ್ಟ್ರಮ್ಮ ಎಂದು; ಅದರಲ್ಲಿ ಎಷ್ಟು ಗೌರವ, ಎಷ್ಟು ಗೇಲಿ ಎಂದು ನನಗೆ ಕೊನೆವರೆಗೂ ಲೆಕ್ಕ ಸಿಗಲಿಲ್ಲ.

“ಮೇಷ್ಟ್ರಮ್ಮ, ಪುಸ್ತಕ ನೋಡಿ ಒಂದ್ಮಾತು ಏಳು. ದಂಡಿನ ತಾತನ್ನ ನಾವು ಉಪವಾಸ ಮಡಗಿದೀವಾ?”

ವಿಷಯ ಏನೆಂದರೆ, ಹಿಂದಿನ ವಾರ ಅವರನ್ನು ನೋಡಲು ದಾಯಾದಿಗಳು ಬಂದಿದ್ದರು. ಅವರಲ್ಲೊಬ್ಬ ಹಿರಿಯರು ಕಾಫಿ ಕುಡಿದು ಎದ್ದು ಹೋಗುವಾಗ ಒಂದು ಮಾತು ಬಿಟ್ಟು ಹೋಗಿದ್ದರು: ಸಮುದ್ರ ದಾಟಿದ್ದಕ್ಕೆ ದಂಡಿನ ತಾತನ ಜಾತಿ ಕೆಟ್ಟಿತ್ತಂತೆ, ವಾಪಸ್ ಬಂದಾಗ ಊರಿನವರು ಪಂಕ್ತಿಗೆ ಸೇರಿಸದೆ ಜಗಲಿಯ ಮೇಲೆ ಕೂರಿಸಿ ಒಣ ಹಿಟ್ಟು ಕೊಟ್ಟರಂತೆ, ಆ ಶಿಕ್ಷೆಯೇ ಇವತ್ತಿಗೂ ಎಲೆಯಲ್ಲಿ ನಡೆದು ಬರುತ್ತಿದೆಯಂತೆ. ಅತ್ತೆಯವರು ಅದನ್ನು ಇಷ್ಟು ಕಾಲ ಏನೋ ಹರಕೆ ಎಂದುಕೊಂಡಿದ್ದರು. ಈಗ ಅವರಿಗೆ ನಿದ್ದೆಯಿಲ್ಲ. ಶಿಕ್ಷೆ ಕೊಟ್ಟವರು ಯಾರೇ ಇರಲಿ, ಐವತ್ತಕ್ಕೂ ಹೆಚ್ಚು ವರ್ಷ ಆ ಶಿಕ್ಷೆಯನ್ನು ಬಡಿಸಿದ ಕೈ ಅವರದೇ ತಾನೆ?

“ನಾನು ಓಗೋ ಮುಂಚೆ ಗೊತ್ತಾಗ್ಬೇಕು ಕಣಮ್ಮ. ಮ್ಯಾಲೆ ಓದ್ಮೇಲೆ ಆವಪ್ಪನ ಮಕ ಎಂಗೆ ನೋಡ್ಲಿ?”

ನನಗೆ ನಾಚಿಕೆಯಾಯಿತು. ಮಕ್ಕಳಿಗೆ ಎಷ್ಟು ಯುದ್ಧ ಹೇಳಿಕೊಟ್ಟಿಲ್ಲ ನಾನು! ಕಾರಣಗಳು, ಘಟನೆಗಳು, ಪರಿಣಾಮಗಳು. ಸಾವಿರಾರು ಜನ ಹೊರಟರು, ಹೊಡೆದಾಡಿದರು, ಸತ್ತರು. ಅವರಲ್ಲಿ ಒಬ್ಬನೂ ಒಂದು ತುತ್ತು ಉಂಡದ್ದನ್ನು ನಾನು ಬೋರ್ಡಿನ ಮೇಲೆ ಬರೆದ ನೆನಪಿಲ್ಲ. ಪಠ್ಯಪುಸ್ತಕದ ಯುದ್ಧಗಳಲ್ಲಿ ಯಾರಿಗೂ ಹಸಿವಾಗುವುದೇ ಇಲ್ಲ. ಅವತ್ತಿನಿಂದ ನನಗೆ ಹುಚ್ಚು ಹಿಡಿಯಿತು. ಲೈಬ್ರರಿ, ಫೋನು, ರಿಟೈರಾದ ಸಹೋದ್ಯೋಗಿಗಳ ಕಪಾಟು, ಯಾವುದನ್ನೂ ಬಿಡಲಿಲ್ಲ. ಆ ಕಾಲದಲ್ಲಿ ಯುದ್ಧಕ್ಕೆ ಹೋದವರು ಏನು ತಿಂದರು? ಬೆಳಿಗ್ಗೆ ಹುಡುಕಿದ್ದನ್ನು ಮಧ್ಯಾಹ್ನ ಗಂಜಿಯ ಹೊತ್ತಿಗೆ ಅತ್ತೆಯವರಿಗೆ ಒಪ್ಪಿಸುತ್ತಿದ್ದೆ. ಕಥೆ ಕೇಳುತ್ತಾ ಗಂಜಿ ಒಳಗೆ ಹೋಗುತ್ತಿತ್ತು, ಅದೂ ಒಂದು ಲಾಭ.

ಕ್ರೈಮಿಯಾ ಎನ್ನುವಲ್ಲಿ ರಷ್ಯದವರ ಮೇಲೆ ಯುದ್ಧ ನಡೆದಾಗ ಇಂಗ್ಲಿಷ್ ಸಿಪಾಯಿಗಳಿಗೆ ಕಾಫಿ ಕಳಿಸಿದರಂತೆ. ಕಾಫಿ ಎಂದರೆ ಪುಡಿಯಲ್ಲ, ಹುರಿದದ್ದೂ ಅಲ್ಲ, ಹಸಿರು ಬೀಜ! ಹಿಮದಲ್ಲಿ ನಡುಗುತ್ತಾ ನಿಂತವರ ಹತ್ತಿರ ಹುರಿಯಲು ಬಾಣಲೆಯಿಲ್ಲ, ಉರಿಸಲು ಸೌದೆಯಿಲ್ಲ, ಬೀಸಲು ಕಲ್ಲಿಲ್ಲ. ಅದನ್ನು ಕಳಿಸಿದವನು ಹುಟ್ಟಿದಾಗಿನಿಂದ ಒಂದು ದಿನವೂ ಒಲೆಯ ಮುಂದೆ ಕೂತಿರಲಿಕ್ಕಿಲ್ಲ ಎಂದರು ಅತ್ತೆ. ಮಾಂಸವನ್ನು ತಗಡಿನ ಡಬ್ಬಿಗೆ ತುಂಬುವುದನ್ನು ಕಂಡುಹಿಡಿದರು, ಆದರೆ ಡಬ್ಬಿ ತೆರೆಯುವ ಸಾಧನ ಬಂದದ್ದು ಎಷ್ಟೋ ಕಾಲದ ಮೇಲೆ; ಅಲ್ಲಿಯವರೆಗೆ ಉಳಿ ಸುತ್ತಿಗೆ, ಇಲ್ಲವೇ ಬಂದೂಕಿನ ತುದಿಯ ಚೂರಿ. ಜರ್ಮನಿಯವರು ಬಟಾಣಿ ಹಿಟ್ಟಿಗೆ ಕೊಬ್ಬು ಕಲಸಿ ಉದ್ದನೆಯ ಉರುಳೆ ಕಟ್ಟಿ ಕೊಟ್ಟರು, ಬಿಸಿನೀರಿಗೆ ಮುರಿದು ಹಾಕಿದರೆ ಸಾರು. ಇದನ್ನು ಕೇಳಿ ಅತ್ತೆಯವರ ಕಣ್ಣರಳಿತು. ಅದೂ ಒಂಥರಾ ಹುರಿಹಿಟ್ಟೇ ಎಂದು ತೀರ್ಪು ಕೊಟ್ಟರು. ಅಮೆರಿಕದವರು ತಮ್ಮತಮ್ಮಲ್ಲೇ ಹೊಡೆದಾಡಿಕೊಂಡಾಗ ದಕ್ಷಿಣದ ಕಡೆಯ ಸಿಪಾಯಿಗಳು ಬೇಯಿಸಿದ ಕಡಲೆಕಾಯಿ ತಿಂದು ದಿನ ತಳ್ಳಿದರು ಎಂದೆ. ಅದರಲ್ಲಿ ಕಷ್ಟ ಏನಿದೆ ಎಂದು ಅವರಿಗೆ ಎಷ್ಟು ಹೇಳಿದರೂ ಅರ್ಥವಾಗಲಿಲ್ಲ.

ಎಲ್ಲ ದೇಶದ ದಂಡಿನಲ್ಲೂ ಇದ್ದದ್ದು ಒಂದು ಬಿಸ್ಕತ್ತು. ಬರೀ ಹಿಟ್ಟು ನೀರು. ಒಂದಲ್ಲ ಎರಡು ಸಲ ಬೇಯಿಸಿ ಒಣಗಿಸಿದ್ದು, ವರ್ಷಗಟ್ಟಲೆ ಕೆಡುವುದಿಲ್ಲ. ಹುಳ ಬಿದ್ದಿದ್ದರೆ ಸಿಪಾಯಿಗಳು ಕುಟ್ಟಿ ಉದುರಿಸಿ ತಿನ್ನುತ್ತಿದ್ದರಂತೆ. ಓದಿ ಸುಮ್ಮನಿರಬೇಕಿತ್ತು, ನಾನು ರಾಬರ್ಟ್‌ಸನ್‌ಪೇಟೆಯ ನಮ್ಮ ಮಾಮೂಲಿ ಬೇಕರಿಗೆ ಹೋಗಿ ಮಾಡಿಕೊಡಿ ಎಂದೆ. ಬೇಕರಿಯವರು ತಮಿಳು ಬೆರೆತ ಕನ್ನಡದಲ್ಲಿ ಮತ್ತೆ ಮತ್ತೆ ಕೇಳಿದರು: ಬೆಣ್ಣೆ ಬೇಡವಾ, ಸಕ್ಕರೆ ಬೇಡವಾ, ಹಾಗಾದರೆ ನಾಯಿಗಾ? ಚರಿತ್ರೆಗೆ ಎಂದೆ. ಮರುದಿನ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ತಮ್ಮ ಅಂಗಡಿಯದು ಎಂದು ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡರು. ಮನೆಗೆ ತಂದು ಮೊದಲ ಸಲ ಕಚ್ಚಿದ್ದಕ್ಕೇ ನನ್ನ ಬಲಗಡೆಯ ಹಲ್ಲಿನ ಒಂದು ಚಕ್ಕೆ ಎದ್ದು ಬಂತು. ಯುದ್ಧಕ್ಕೇ ಹೋಗದೆ ಗಾಯಗೊಂಡ ಸಿಪಾಯಿ ಎಂದು ನಮ್ಮ ಯಜಮಾನರು ಮನೆಗೆ ಬಂದವರಿಗೆಲ್ಲ ನನ್ನನ್ನು ಪರಿಚಯಿಸತೊಡಗಿದರು. ಅತ್ತೆಯವರು ಮಾತ್ರ ಆ ಬಿಸ್ಕತ್ತನ್ನು ಗಂಜಿಯಲ್ಲಿ ನೆನೆಸಿ, ಬಾಯಿಗಿಟ್ಟು, ಇದಕ್ಕೂ ಉಪ್ಪಿಲ್ಲ ಎಂದು ತಟ್ಟೆ ತಳ್ಳಿದರು.

ಇಷ್ಟೆಲ್ಲ ಆದರೂ ಅವರ ಪ್ರಶ್ನೆ ಇದ್ದಲ್ಲೇ ಇತ್ತು. ಇಂಗ್ಲಿಷರ ಸಿಪಾಯಿ, ಜರ್ಮನಿಯ ಸಿಪಾಯಿ ಎಲ್ಲ ಬಂದು ಹೋದರು, ನಮ್ಮ ಸಿಪಾಯಿ ಬರಲಿಲ್ಲ. ಕೊನೆಗೂ ಒಂದು ದಿನ ಸಿಕ್ಕಿದ. ನಮ್ಮ ಕಡೆಯ ಸಿಪಾಯಿಗಳಿಗೆ ನೆಲದ ಮೇಲಿನ ಯುದ್ಧದಲ್ಲಿ ಊಟದ ಚಿಂತೆ ಅಷ್ಟಿರಲಿಲ್ಲವಂತೆ. ದಂಡಿನ ಹಿಂದೆಯೇ ಒಂದು ಸಂತೆ ನಡೆದು ಬರುತ್ತಿತ್ತು, ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಲಂಬಾಣಿಗಳು ಬರುತ್ತಿದ್ದರು. ಅವರವರಿಗೆ ಬೇಕಾದ್ದು ಅವರವರೇ ಕೊಂಡು, ಮೂರು ಕಲ್ಲಿಟ್ಟು ಅವರವರೇ ಬೇಯಿಸಿಕೊಳ್ಳುತ್ತಿದ್ದರು. ಪೀಕಲಾಟವೆಲ್ಲ ಹಡಗಿನಲ್ಲಿ. ಅಲ್ಲಿ ಒಲೆ ಯಾರದೋ, ನೀರು ಯಾರು ಮುಟ್ಟಿದ್ದೋ. ಬೆಂದದ್ದು ಉಂಡರೆ ಜಾತಿ ಹೋಗುತ್ತದೆಂದು ಎಷ್ಟೋ ಜನ ದಡ ಸೇರುವವರೆಗೂ ಒಲೆಯ ಕಡೆ ತಿರುಗಿಯೂ ನೋಡದೆ ಹುರಿಗಡಲೆ, ಅವಲಕ್ಕಿ, ಬೆಲ್ಲದಲ್ಲೇ ಇದ್ದರಂತೆ.

ಓದುತ್ತಿದ್ದವಳು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ನಮ್ಮ ಎಲೆಯ ಮೇಲೆ ಇರುವುದು ಅದೇ! ಕಡಲೆಯ ಬದಲು ರಾಗಿ, ಅಷ್ಟೇ. ಕೋಲಾರದ ಕಡೆಯವನು ಇನ್ನೇನು ಕಟ್ಟಿಕೊಂಡು ಹೋಗುತ್ತಾನೆ? ಹುರಿಹಿಟ್ಟಿಗೆ ಒಲೆ ಬೇಡ, ಪಾತ್ರೆ ಬೇಡ, ಅಂಗೈಯಲ್ಲಿ ನೀರು ಬೆರೆಸಿದರೆ ಊಟ. ಆಮೇಲೆ ಇನ್ನೊಂದು ಹೊಳೆಯಿತು. ದಂಡಿನ ತಾತನ ಎಲೆಯ ಪಕ್ಕದ್ದು ಅವನ ಹೆಂಡತಿಯ ಎಲೆ. ಅವಳಿಗೆ ಮುದ್ದೆ, ಸಾರು, ಕಜ್ಜಾಯ ಎಲ್ಲ ಉಂಟು. ಆದರೆ ಎರಡು ಎಲೆಗೂ ಸೇರಿ ನೀರಿನ ಚೊಂಬು ಒಂದೇ. ಜಗಲಿಯ ಮೇಲೆ ಕೂರಿಸಿ ಹೊರಗಿಟ್ಟವನಿಗೆ ನಡುಮನೆಯಲ್ಲಿ ಮೊದಲ ಎಲೆ ಯಾರು ಹಾಕುತ್ತಾರೆ, ಹೆಂಡತಿಯ ಜೊತೆ ಒಂದೇ ಚೊಂಬು ಯಾರು ಇಡುತ್ತಾರೆ?

ಅತ್ತೆಯವರ ಮುಂದೆ ಕೂತು ಬಿಡಿಸಿ ಹೇಳಿದೆ. ಅದು ಶಿಕ್ಷೆಯಲ್ಲ. ಅವನು ಹೊರಟಾಗ ಹೆಂಡತಿ ಹುರಿಹಿಟ್ಟು, ಬೆಲ್ಲ ಗಂಟು ಕಟ್ಟಿ ಕೊಟ್ಟಿದ್ದಾಳೆ. ಅವನು ವಾಪಸ್ ಬಂದಿಲ್ಲ. ಆಮೇಲೆ ಅವನು ಏನು ಉಂಡ, ಎಲ್ಲಿ ಉಂಡ, ಅವಳು ಕಂಡಿಲ್ಲ. ಅವಳಿಗೆ ಗೊತ್ತಿದ್ದ ಅವನ ಕೊನೆಯ ಊಟ ಆ ಗಂಟಿನದೇ. ಅದನ್ನೇ ಎಲೆಗೆ ಹಾಕಿದಳು. ಪುರಾವೆ ಏನು ಎಂದರೆ ನನ್ನ ಕೈ ಖಾಲಿ. ಪರೀಕ್ಷೆಯಲ್ಲಿ ಯಾವ ಹುಡುಗಿಯಾದರೂ ಹೀಗೆ ಬರೆದಿದ್ದರೆ ನಾನೇ ಸೊನ್ನೆ ಸುತ್ತುತ್ತಿದ್ದೆ. ಅತ್ತೆಯವರು ಪುರಾವೆ ಕೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಇಷ್ಟು ವರ್ಷ ಆ ಹೆಂಗಸಿನ ಪರವಾಗಿ ತಾವು ಬಡಿಸಿದಂತಾಯಿತಲ್ಲ ಎಂದು ಸಮಾಧಾನಪಟ್ಟುಕೊಂಡರು. ನನಗಂತೂ ಹೆಮ್ಮೆಯೋ ಹೆಮ್ಮೆ. ಸಾಯಂಕಾಲ ನಾದಿನಿಗೆ ಫೋನ್ ಮಾಡಿ ಅವಳಿಗೂ ಹೇಳಿದೆ, ದಾಯಾದಿಗಳ ಮನೆಗೂ ಮುಟ್ಟಿಸಿದೆ.

ಮರುದಿನ ಬೆಳಿಗ್ಗೆ ಅತ್ತೆಯವರು ಗಂಜಿ ಮುಟ್ಟಲಿಲ್ಲ.

ಹುಷಾರಿಲ್ಲವೇನೋ ಎಂದುಕೊಂಡೆ. ಮಧ್ಯಾಹ್ನವೂ ಬಟ್ಟಲು ಇಟ್ಟಂತೆಯೇ ಇತ್ತು. ಏನಾಯಿತು ಎಂದು ಕೇಳಿದರೆ ಗೋಡೆಯ ಕಡೆ ತಿರುಗಿ ಮಲಗಿದ್ದವರು ತಿರುಗದೆಯೇ ಹೇಳಿದರು:

“ಕೊನೇಗೆ ತಿಂದಿದ್ದೇ ಎಲೆಗೆ ಬತ್ತೈತೆ ಅಂದ್ಯಲ್ಲ. ಇದನ್ನ ತಿಂತಾ ಓದ್ರೆ ವರ್ಷಾ ವರ್ಷಾ ನಂಗೆ ಉಪ್ಪಿಲ್ದಿರೋ ಗಂಜಿನೇ ಉಯ್ತೀರ. ಆವಪ್ಪಂಗಾದ್ರೂ ಬೆಲ್ಲ ಐತೆ.”

ಮೊದಲು ನಗು ಬಂತು. ನಕ್ಕೂ ಬಿಟ್ಟೆ. ಅವರು ನಗಲಿಲ್ಲ. ಅಯ್ಯೋ, ಅದು ಅವರ ಕಾಲದ ಮಾತು ಅತ್ತೆ, ನಿಮಗೆ ಮುದ್ದೆಯೇ ಇಡುತ್ತೇನೆ ಎಂದು ಆಣೆ ಮಾಡಿದೆ. ನೀನು ಇಡುತ್ತೀಯ, ನಿನ್ನ ನಂತರ ಬರುವವರು ನೀನು ಹೇಳಿದ ಕಥೆ ಕೇಳಿಕೊಂಡು ಗಂಜಿ ಇಡುತ್ತಾರೆ ಎಂದರು. ಶಾಲೆಯಲ್ಲಿ ಇಷ್ಟು ಗಮನವಿಟ್ಟು ನನ್ನ ಪಾಠ ಕೇಳಿದವರು ಒಬ್ಬರೂ ಇರಲಿಲ್ಲ, ಅದೇ ನನಗೆ ಮುಳುವಾಯಿತು. ಯಜಮಾನರು ಅಮ್ಮನ ಕಾಲ ಹತ್ತಿರ ಕೂತು ಬೇಡಿಕೊಂಡರು, ಆಮೇಲೆ ಹೊರಗೆ ಬಂದು ನನಗೆ ಬೈದರು. ಇರುವ ಗಂಜಿಯೂ ಹೋಯಿತು ನಿನ್ನ ಸಂಶೋಧನೆಯಿಂದ ಎಂದರು. ಅಳು ಬಂತು ನನಗೆ. ಯಾಕಾದರೂ ಬಾಯಿ ಬಿಟ್ಟೆನೋ ಎನ್ನಿಸಿತು.

ಡಾಕ್ಟರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಸಂಕೋಚವಾಯಿತು, ಆದರೂ ಹೇಳಿದೆ. ಅವರು ರಿಪೋರ್ಟು ತಿರುವಿ ನೋಡಿ, ಏನೂ ತಿನ್ನದಿದ್ದರೆ ಇನ್ನೂ ಬೇಗ ಕೈ ತಪ್ಪಿ ಹೋಗುತ್ತಾರೆ, ಹಬ್ಬದ ದಿನ ಒಂದು ತುತ್ತು ಮುದ್ದೆ ಸಾರು ಕೊಡಿ, ಒಂದೇ ತುತ್ತು ಎಂದರು. ಆ ಒಂದು ತುತ್ತಿನ ಮಾತು ಕೊಟ್ಟ ಮೇಲೆ ಅತ್ತೆ ಎದ್ದು ಕೂತು ಗಂಜಿ ಕುಡಿದರು. ಅಮಾವಾಸ್ಯೆವರೆಗೆ ಹಾಗೆ ಸಾಗಿತು.

ಅಮಾವಾಸ್ಯೆಯ ದಿನ ಕಾರು ಮಾಡಿಕೊಂಡು ಅವರನ್ನು ಹಳ್ಳಿಗೆ ಕರೆದೊಯ್ದೆವು. ನಡುಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆವು. ಎಡೆಯ ಅಡುಗೆಯನ್ನು ಮಾಡುವವರು ರುಚಿ ನೋಡುವಂತಿಲ್ಲ. ಹಿರಿಯರು ಉಂಡ ಮೇಲೇ ನಮ್ಮ ಬಾಯಿಗೆ. ಹಾಗಾಗಿ ಉಪ್ಪು ಖಾರವೆಲ್ಲ ಅಂದಾಜು. ಎಲೆಗಳು ಬಿದ್ದವು. ನಾನು ಮೊದಲ ಎಲೆಗೆ ಹುರಿಹಿಟ್ಟು, ಬೆಲ್ಲ ಇಟ್ಟು ಎರಡನೆಯದಕ್ಕೆ ಸರಿಯುವಾಗ ಅತ್ತೆಯವರು ನನ್ನನ್ನು ತಡೆದರು. ಆ ಎಲೆಗೂ ಒಂದು ಮುದ್ದೆ ಇಡು ಎಂದರು. ದಾಯಾದಿ ಹಿರಿಯರು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದರು, ಕೆಮ್ಮಿದರು. ಅತ್ತೆಯವರು ಅವರ ಕಡೆ ನೋಡಲೂ ಇಲ್ಲ.

“ಅಡಗು ಇಳಿದು ಬಂದಾಯ್ತಲ್ಲ ಆವಪ್ಪ,” ಅಂದರು. “ಇನ್ನ ಬಿಸೀದು ಉಣ್ಲಿ ಬಿಡು.”

ಹಡಗಿನಿಂದ ಅವನನ್ನು ಇಳಿಸುವುದು ನನಗೆ ಹೊಳೆದೇ ಇರಲಿಲ್ಲ. ಹುರಿಹಿಟ್ಟಿನ ಪಕ್ಕದಲ್ಲಿ ಮುದ್ದೆ ಇಟ್ಟು ಸಾರು ಬಿಟ್ಟೆ. ಕಾಯಿ ಒಡೆದು, ಬಾಗಿಲು ಮುಂದೆ ಮಾಡಿ, ಹಿರಿಯರು ಉಣ್ಣಲೆಂದು ಎಲ್ಲರೂ ಹೊರಗೆ ಕೂತೆವು. ಮತ್ತೆ ಒಳಗೆ ಹೋದ ಮೇಲೆ ಅತ್ತೆಯವರಿಗೆ ಅವರ ಪಾಲಿನ ತುತ್ತು. ನಿಂಬೆಕಾಯಿ ಗಾತ್ರದ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟೆ. ಕಣ್ಣು ಮುಚ್ಚಿಕೊಂಡು ನುಂಗಿದರು. ಮನೆ ಮಂದಿಯೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು. ಉಪ್ಪು ಸಾಲದು ಎಂದರು. ಎಲ್ಲರೂ ಘೊಳ್ಳೆಂದು ನಕ್ಕರು, ಅವರೂ ನಕ್ಕರು. ಅದಾದ ಮೇಲೆ ತಿಂಗಳುಗಟ್ಟಲೆ ಗಂಜಿಗೆ ಒಂದು ಮಾತೂ ಆಡಲಿಲ್ಲ.

ಅವರೆಕಾಯಿ ಬರುವ ಕಾಲಕ್ಕೆ ಅತ್ತೆ ಹೋದರು. ಕೊನೆಯ ವಾರ ಆಸ್ಪತ್ರೆಯಲ್ಲಿದ್ದರು. ಅವತ್ತು ಬೆಳಿಗ್ಗೆ ಯಜಮಾನರು ಔಷಧಿ ತರಲು ಕೆಳಗೆ ಹೋಗಿದ್ದಾಗ ನಾನು ಚಮಚದಲ್ಲಿ ಗಂಜಿ ಕೊಟ್ಟೆ. ಅರ್ಧ ಒಳಗೆ ಹೋಯಿತು, ಅರ್ಧ ಕಟಬಾಯಿಯಿಂದ ಇಳಿಯಿತು. ಒರೆಸಿದೆ. ಆಮೇಲೆ ಬಾಯಿ ತೆರೆಯಲಿಲ್ಲ.

ಈ ಸಲದ ಅಮಾವಾಸ್ಯೆಗೆ ಸಾಲಿನ ಕೊನೆಯಲ್ಲಿ ಹೊಸ ಎಲೆ ಬಿತ್ತು. ನಾನು ಅಡುಗೆಮನೆಯಲ್ಲಿ ಮುದ್ದೆ ಕಟ್ಟುತ್ತಿದ್ದೆ. ನಾದಿನಿ ಬಸ್ಸಿಳಿದು ಬಂದವಳು ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಒಳಗೆ ಗಂಜಿ. ತಲೆಗೆ ಸ್ನಾನ ಮಾಡಿ, ಮಡಿಯಲ್ಲಿ, ಒಂದು ಹರಳು ಉಪ್ಪು ಹಾಕದೆ ಮಾಡಿ ತಂದಿದ್ದಳು. ನಮ್ಮ ಮನೆಯಲ್ಲಿ ಮುಂಚಿನಿಂದ ಹಾಗೇ ಅಲ್ಲವಾ ಅತ್ತಿಗೆ, ದಂಡಿನ ತಾತನ ಕಾಲದಿಂದ, ಕೊನೆಗೆ ತಿಂದದ್ದೇ ಎಲೆಗೆ ಎಂದಳು. ಹಿಂದೆ ನಿಂತಿದ್ದ ದಾಯಾದಿ ಹಿರಿಯರು, ಶಿಕ್ಷೆ ಎಂದು ಹೇಳಿ ಹೋಗಿದ್ದವರೇ, ಹೌದು ಹೌದು ಎಂದು ತಲೆಯಾಡಿಸಿದರು. ನಾನು ಊಹೆ ಮಾಡಿ ಹೇಳಿದ ಮಾತು, ಇನ್ನೂ ಒಂದೂವರೆ ವರ್ಷವಾಗಿಲ್ಲ, ಆಗಲೇ ಶಾಸ್ತ್ರವಾಗಿ ಕೂತಿದೆ!

“ಅವ್ವ ಕೊನೇಗೆ ಇದನ್ನೇ ಅಲ್ವಾ ಅತ್ತಿಗೆ ತಿಂದಿದ್ದು? ನೀವೇ ಅಲ್ವಾ ಇದ್ದಿದ್ದು ಪಕ್ಕದಾಗೆ?”

ಅವಳ ಮನಸ್ಸಿನಲ್ಲಿ ಕುಹಕವೇನೂ ಇಲ್ಲ, ತಾಯಿಗೆ ತಪ್ಪಬಾರದೆಂಬ ಒಂದೇ ಆಸೆ. ಎಲ್ಲರೂ ನನ್ನ ಕಡೆ ನೋಡಿದರು. ಆ ಬೆಳಿಗ್ಗೆ ಅಲ್ಲಿದ್ದವಳು ನಾನೊಬ್ಬಳೇ. ಊಹೆ ಬೇರೆ, ಕಂಡದ್ದು ಬೇರೆ ಎಂದು ಮಕ್ಕಳಿಗೆ ಗಂಟಲು ಹರಿಯುವಂತೆ ಹೇಳಿಕೊಟ್ಟವಳು ನಾನು.

“ಇಲ್ಲ,” ಅಂದೆ. “ಅವತ್ತು ಮುದ್ದೆ ಉಂಡ್ರು. ಬಸ್ಸಾರಲ್ಲಿ. ಇನ್ನೊಂಚೂರು ಹಾಕು ಅಂತ ಕೇಳಿ ಹಾಕಿಸ್ಕೊಂಡ್ರು.”

ಯಜಮಾನರು ತಲೆ ಎತ್ತಿ ನನ್ನನ್ನು ನೋಡಿದರು, ಮತ್ತೆ ಬಗ್ಗಿ ಎಲೆಗಳಿಗೆ ನೀರು ಚಿಮುಕಿಸತೊಡಗಿದರು. ನನಗೆ ಆಗ ದಂಡಿನ ತಾತನ ಹೆಂಡತಿಯ ನೆನಪಾಯಿತು. ದಂಡಿನಿಂದ ಬದುಕಿ ಬಂದ ಯಾವನೋ ಬಂದು, ನಿನ್ನ ಗಂಡ ಕೊನೆಗೆ ಹೊಟ್ಟೆಗೆ ಏನೂ ಇಲ್ಲದೆ ಹೋದ ಎಂದು ಅವಳಿಗೆ ಹೇಳಿದ್ದರೆ? ಅವನ ತಾಯಿ, ಮಗ ಕೊನೆಗೆ ಏನು ಉಂಡ ಎಂದು ಕೇಳಿದಾಗ ಇವಳು, ಇಲ್ಲ ಅತ್ತೆ, ನಾನು ಕಟ್ಟಿಕೊಟ್ಟ ಹುರಿಹಿಟ್ಟು ಇತ್ತು, ಬೆಲ್ಲ ಇತ್ತು ಎಂದಿದ್ದರೆ? ಯಾವ ಪುಸ್ತಕ ತೆಗೆದರೂ ಇದು ಸಿಗುವುದಿಲ್ಲ. ಬಿಸಿ ಮುದ್ದೆಯನ್ನು ಕೈಯಲ್ಲಿ ಉರುಳಿಸಿ ಕೊನೆಯ ಎಲೆಯ ನಡುವೆ ಇಟ್ಟೆ, ಸಾರು ಬಿಟ್ಟೆ. ನಾದಿನಿ ಗಂಜಿಯ ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು.

“ಸದ್ಯ,” ಅಂದಳು. “ಅವ್ವ ಉಂಡೇ ಓದ್ಲು.”